ಆರುನೂರ ಹದಿಮೂರನೆಯ ಉತ್ತರ

"ಸಂಜೆ ಕ್ಲಿನಿಕ್‌ಗೆ ಯಾರಮ್ಮ ಬರ್ತಾರೆ?" ಎನ್ನುತ್ತ ಆರೋಗ್ಯ ಸಮಿತಿಯ ಅಧ್ಯಕ್ಷರು ನರ್ಸ್ ತಂದಿದ್ದ ಸಮೀಕ್ಷಾ ವರದಿಯಿಂದಲೇ ಗಾಳಿ ಬೀಸಿಕೊಂಡರು. ಸಂಜೆ ಕ್ಲಿನಿಕ್ ಮುಚ್ಚುವ ಠರಾವು ಆಗಲೇ ಟೈಪಾಗಿ ಅವರ ಸಹಿಗೆ ಕಾದಿತ್ತು.

"ಆರುನೂರ ಹನ್ನೆರಡು ಮನೆಗೆ ಹೋಗಿ ಕೇಳಿದ್ದೀನಿ ಸಾರ್. ಹಗಲು ಬರೋಕಾಗಲ್ಲ ಅಂತಾರೆ. ಎಲ್ಲ ಅದರಲ್ಲೇ ಇದೆ," ಎಂದು ನರ್ಸ್ ಮೂರನೆಯ ಸಲ ಹೇಳಿದಳು. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು.

"ಅಂಕಿ ಅಂಶ ಇರಲಿ ಬಿಡಮ್ಮ, ನಮಗೆ ಅನುಭವ ಇಲ್ವಾ?" ಅಧ್ಯಕ್ಷರು ಗಡಿಯಾರ ನೋಡಿ ಪೆನ್ನು ತೆಗೆದರು. "ಬೇಗ ಮುಗಿಸೋಣ. ಏಳಕ್ಕೆ ಅಮ್ಮನ್ನ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ಬೇಕು."

"ಬೆಳಿಗ್ಗೆನೇ ಹೋಗ್ಬಹುದಿತ್ತಲ್ಲ ಸಾರ್?"

"ಕೆಲಸ ಬಿಟ್ಟು ಹಗಲು ಹೋಗೋಕಾಗುತ್ತೇನಮ್ಮ?" ಎಂದು ಅವರು ರೇಗಿದರು.

ನರ್ಸ್ ಚೀಲದಿಂದ ಖಾಲಿ ಸಮೀಕ್ಷಾ ಫಾರಂ ಒಂದನ್ನು ತೆಗೆದು, ಆ ಮಾತನ್ನು ಅಕ್ಷರ ಬಿಡದೆ ಬರೆದು, ಮೇಲೆ ಆರುನೂರ ಹದಿಮೂರು ಎಂದು ನಂಬರು ಹಾಕಿ, ಠರಾವಿನ ಪಕ್ಕದಲ್ಲಿಟ್ಟಳು. "ಇಲ್ಲೂ ಒಂದು ಸಹಿ ಹಾಕಿ ಸಾರ್."