ಹೊದಿಕೆಯೊಳಗಿನ ಬೂಟು

ಟ್ರಕ್ಕು ಓಡಿಸುವ ಪಾಳಿ ಬದಲಿಸಲು ವರ್ನನ್ ಹೊದಿಕೆ ಸರಿಸಿದರೆ ಹೆಂಡತಿ ಡಾರ್ಲಾಳ ಕಾಲಲ್ಲಿ ಬೂಟು! ಲೇಸನ್ನೂ ಬಿಗಿದು ಕಟ್ಟಿದ್ದಳು.

“ಇದೇನೇ, ಬೂಟು ಹಾಕ್ಕೊಂಡೇ ಮಲಗಿದೀಯಾ?”

“ಮಲಗಿದ್ದು ಯಾರು?” ಅವಳು ಎದ್ದು ಕೂತಳು. “ಹೋದ ತಿಂಗಳು ನೀನು ತೂಕಡಿಸಿ ಗಾಡೀನ ರಸ್ತೆಯಿಂದ ಇಳಿಸಿದ್ಯಲ್ಲ, ಆವತ್ತಿಂದ ನೀನು ಓಡಿಸ್ವಾಗ ನಂಗೆ ಕಣ್ಣು ಮುಚ್ಚಕ್ಕಾಗಲ್ಲ. ಉರುಳಿದ್ರೆ ಹಾರಕ್ಕೆ ಕಾಲು ರೆಡಿ ಇರ್ಲಿ ಅಂತ.”

ಟ್ರಕ್ಕು ನೆಬ್ರಾಸ್ಕಾದ ಡೀಸೆಲ್ ಬಂಕಿನಲ್ಲಿ ನಿಂತಿತ್ತು. ಒಬ್ಬರು ಓಡಿಸುವಾಗ ಇನ್ನೊಬ್ಬರು ಸೀಟಿನ ಹಿಂದೆ ಮಲಗುವುದು, ತುರ್ತು ಸರಕು ಹೊತ್ತ ಗಾಡಿ ಹಗಲಿರುಳೂ ಓಡುವುದು. ಗಂಡಹೆಂಡಿರ ಕಸುಬೇ ಅದು. ಈ ಕೆಲಸಕ್ಕೆ ಸೇರಬಹುದೇ ಎಂದು ಕೇಳಿದ ಹೊಸ ಜೋಡಿಯೊಂದಕ್ಕೆ ಡಾರ್ಲಾ ನಿನ್ನೆಯಷ್ಟೇ, “ಧೈರ್ಯವಾಗಿ ಸೇರ್ಕೊಳಿ, ತೊಟ್ಟಿಲಲ್ಲಿ ಮಲಗಿದ ಹಾಗಿರುತ್ತೆ,” ಎಂದಿದ್ದಳು.

“ಇಲ್ಲೇ ನಿಲ್ಲಿಸಿ ಇಬ್ರೂ ಮಲಗೋಣ್ವಾ?” ಎಂದ ವರ್ನನ್.

“ನಿಂತ ಗಾಡಿಗೆ ಕಾಸು ಕೊಡೋರು ಯಾರು, ನಿಮ್ಮಪ್ಪನಾ?”

ಅವಳು ಬಾಯ್ತುಂಬ ಆಕಳಿಸುತ್ತ ಗಾಡಿಯನ್ನು ಹೆದ್ದಾರಿಗೆ ಏರಿಸಿದಳು. ವರ್ನನ್ ಬೂಟು ಬಿಚ್ಚಿ ಮಲಗಿದ. ಮುಂದಿನ ಸೀಟಿನಿಂದ ಮತ್ತೊಂದು ಆಕಳಿಕೆ ಕೇಳಿಸಿತು. ಅವನು ಸದ್ದಾಗದಂತೆ ಎದ್ದು ಕೂತು, ಬೂಟು ಮೆಟ್ಟಿಕೊಂಡು, ಲೇಸು ಬಿಗಿಯತೊಡಗಿದ.