ಮಗ್ಗಕ್ಕೆ ಬಿಟ್ಟ ದಾರಿ

"ನಾಲ್ಕು ಮಾತಿಗೊಮ್ಮೆ ಯಾಕಪ್ಪಾ ನಿಂತ್‌ಬಿಡ್ತೀಯಾ? ಉಸಿರು ಸಾಲಲ್ವಾ?" ರೆಕಾರ್ಡಿಂಗ್ ಮಾಡುವವನು ಹೆಡ್‌ಫೋನ್ ತೆಗೆದಿಟ್ಟ. "ಇನ್ನೊಂದು ಸಲ ಹೀಗಾದ್ರೆ ಈ ರ‍್ಯಾಪ್ ಬೇರೆಯವರ ಕೈಲಿ ಹೇಳಿಸ್ತೀನಿ."

ಮೈಕಿನ ಮುಂದಿದ್ದ ಹುಡುಗ ತಲೆ ತಗ್ಗಿಸಿದ. "ನಮ್ಮ ಬೀದೀಲಿ ಎಲ್ರೂ ಹೀಗೇ ಮಾತಾಡೋದು, ಅಣ್ಣಾ."

ಮೂಲೆಯಲ್ಲಿದ್ದ ಅವನ ಅಮ್ಮ ಮೂವತ್ತು ವರ್ಷ ಮಗ್ಗ ನಡೆಸಿದವಳು. ಮಗ್ಗದ ಏಟು ಬೀಳುವಾಗ ಬಾಯಿ ಮುಚ್ಚಿ, ಏಟುಗಳ ನಡುವೆ ಮಾತಾಡುವುದು ಆ ನೇಕಾರರ ಬೀದಿಯ ರೂಢಿ. "ಅವನು ನಿಲ್ತಿಲ್ಲಪ್ಪಾ, ಮಗ್ಗಕ್ಕೆ ದಾರಿ ಬಿಡ್ತಿದ್ದಾನೆ. ಇನ್ನೊಂದ್ಸಲ ಹೇಳಿಸು," ಎಂದಳು.

ಮಗ ಶುರುಮಾಡಿದ. ಅವನು ನಿಂತಲ್ಲೆಲ್ಲ ಅವಳ ಅಂಗೈ ಧಡಕ್ ಎಂದು ಮೇಜಿನ ಮೇಲೆ ಬಿತ್ತು. ಮಾತಿನ ನಡುವಿನ ಕಂಡಿಯೆಲ್ಲ ತುಂಬಿ, ಇಡೀ ಬೀದಿಯೇ ಆ ಕೋಣೆಯೊಳಗೆ ನೇಯತೊಡಗಿದಂತಾಯಿತು. ಮುಗಿದ ಮೇಲೆ ರೆಕಾರ್ಡಿಂಗ್‌ನವನು ಎದ್ದು ಬಂದು, ಇನ್ನೊಂದು ಮೈಕನ್ನು ಮೆಲ್ಲಗೆ ಅವಳ ಅಂಗೈ ಪಕ್ಕ ಇಟ್ಟ.