ತಿರುಗುವ ಗೆರೆ

"ಈ ಚೀಟಿ ಯಾರದು?" ಗೋಡೆಯ ಮುಂದೆ ನಿಂತು ಕೇಳಿದ ತಮ್ಮ. ಮುಂದಿನ ಆವೃತ್ತಿಯಲ್ಲಿ ಟೂಲ್‌ಗೆ ಏನೇನು ಸೇರಿಸಬೇಕು ಅಂತ ಮೂವರೂ ಬರೆದ ಚೀಟಿಗಳು ಗೋಡೆ ತುಂಬ ಅಂಟಿದ್ದವು. ಅವನ ಬೆರಳು ಮೂಲೆಯ ಹಳದಿ ಚೀಟಿಯ ಮೇಲಿತ್ತು. 'ಟೂಲ್ ತಾನು ಮಾಡುತ್ತಿರುವ ಕೆಲಸವನ್ನು ಮಾತಿನಲ್ಲಿ ಹೇಳಬೇಕು' ಎಂದು ದಪ್ಪ ದಪ್ಪ ಅಕ್ಷರದಲ್ಲಿ ಬರೆದಿತ್ತು.

"ನಂದು," ಅಂದಳು ಅಕ್ಕ, ತನ್ನ ಮೇಜಿನಿಂದ ಏಳದೆ.

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಆ ಕೋಣೆಯಲ್ಲಿ ಅಕ್ಕ ತಮ್ಮ ಸೇರಿ ಕಟ್ಟಿದ ಟೂಲ್ ಅದು, ಪ್ರೋಗ್ರಾಂ ಬರೆಯುವವರಿಗೆ. ಅದರಲ್ಲಿ ಚಿತ್ರವಿಲ್ಲ, ಒತ್ತುವ ಗುಂಡಿಯಿಲ್ಲ. ಕಪ್ಪು ತೆರೆಯ ಮೇಲೆ ಒಂದು ಸಾಲು ಆಜ್ಞೆ ಟೈಪ್ ಮಾಡಿದರೆ ಸಾಕು, ಬರೆದದ್ದನ್ನೆಲ್ಲ ಕೂಡಿಸಿ, ತಪ್ಪು ಹುಡುಕಿ, ಓಡುವ ಪ್ರೋಗ್ರಾಂ ಮಾಡಿ ಕೊಡುತ್ತದೆ. ಹಿಂದೊಮ್ಮೆ ಕೇಳಿದವರಿಗೆಲ್ಲ ಹೂಂ ಅಂದದ್ದಕ್ಕೆ ಅದು ಊದಿಕೊಂಡು ಏದುಸಿರು ಬಿಟ್ಟಿತ್ತು. ಅಂದಿನಿಂದ ಅಲ್ಲೊಂದು ಕಟ್ಟುಪಾಡು: ಹೊಸದೊಂದು ಒಳಗೆ ಬರಬೇಕಾದರೆ ಹಳೆಯದೊಂದು ಹೊರಗೆ ಹೋಗಬೇಕು. ಯಾವುದು ಹೋಗಬೇಕೆಂದು ಹೊಸದನ್ನು ತಂದವರೇ ಹೇಳಬೇಕು. ಇದನ್ನು ಕಾಯುವವನು ಮೂರನೆಯವನು, ಎಲ್ಲರೂ ಮೀಸೆ ಅಂತ ಕರೆಯುವವನು. ಟೂಲ್ ಬಳಸುವವರ ಪತ್ರಗಳಿಗೆ ಉತ್ತರ ಬರೆಯುವ ಕೆಲಸವೂ ಅವನದೇ.

"ಯಾರು ಕೇಳಿದ್ರು ಇದನ್ನ?" ಅಂದ ತಮ್ಮ.

"ಒಬ್ಬರು ಕೇಳಿದ್ದಾರೆ."

"ಮೀಸೆ, ಅಂಥ ಪತ್ರ ಬಂದಿದೆಯಾ?"

"ನಾನಂತೂ ಕಂಡಿಲ್ಲಪ್ಪ. ಅದಿರಲಿ, ಇದು ಒಳಗೆ ಬಂದ್ರೆ ಹೊರಗೆ ಯಾವುದು?"

"ತಿರುಗೋ ಗೆರೆ," ಅಂದಳು ಅಕ್ಕ.

ಟೂಲ್ ಕೆಲಸ ಮಾಡುವಷ್ಟು ಹೊತ್ತೂ ತೆರೆಯ ಅಂಚಿನಲ್ಲಿ ಪುಟ್ಟ ಗೆರೆಯೊಂದು ಬುಗುರಿಯ ಹಾಗೆ ಗಿರಗಿರ ತಿರುಗುತ್ತಿತ್ತು. ಟೂಲ್‌ಗಾಗಿ ತಮ್ಮ ಬರೆದ ಮೊಟ್ಟಮೊದಲ ಕೆಲಸ ಅದು. ಇದನ್ನು ನೋಡುತ್ತ ಕೂತರೆ ಕಾಯುವುದೇ ಬೇಜಾರಾಗುವುದಿಲ್ಲ ಅಂತ ಯಾರೋ ಹೊಗಳಿದ್ದನ್ನು ಅವನು ಈಗಲೂ ಹೇಳಿಕೊಂಡು ತಿರುಗುತ್ತಿದ್ದ.

"ಅದೇನು ನಿನ್ನನ್ನ ಅನ್ನ ನೀರು ಕೇಳುತ್ತಾ? ತನ್ನ ಪಾಡಿಗೆ ತಾನು ತಿರುಗ್ತಾ ಇದೆ. ನಿನ್ನದೇ ಈಚೆಗೆ ಅತಿಯಾಯ್ತು. ತೆರೆ ಮೇಲಿನ ಅಕ್ಷರ ನೋಡು, ರಸ್ತೆ ಆಚೆಯವರೂ ಓದೋ ಹಾಗಿದೆ. ಈಗ ಮಾತೂ ಬೇಕು. ನಾಳೆ ಹಾಡು ಅಂತೀಯ."

ಅಕ್ಕ ನಕ್ಕಳು. ಇಯರ್‌ಫೋನ್ ಸಿಕ್ಕಿಸಿಕೊಂಡು ಒಂದು ಆಜ್ಞೆ ಟೈಪ್ ಮಾಡಿದಳು. ಹಳದಿ ಚೀಟಿ ಕಿತ್ತು ಮೀಸೆಯತ್ತ ಚಾಚಿದ ತಮ್ಮ. "ಇಟ್ಕೋ. ಇನ್ನೊಂದು ಸಲ ನೋಡೋಣ." ಅದನ್ನು ತೆಗೆದುಕೊಳ್ಳಲು ಮೀಸೆ ಎದ್ದ. ಅವನ ಕುರ್ಚಿಯ ಕಾಲಿಗೆ ಅಕ್ಕನ ಇಯರ್‌ಫೋನಿನ ವೈರ್ ತೊಡರಿ ಕಂಪ್ಯೂಟರಿನಿಂದ ಕಿತ್ತುಬಂತು.

"ಉದ್ದಗೆರೆ. ಓರೆಗೆರೆ. ಅಡ್ಡಗೆರೆ. ಓರೆಗೆರೆ. ಉದ್ದಗೆರೆ. ಓರೆಗೆರೆ..." ಯಂತ್ರದ ದನಿಯೊಂದು ಉಸಿರೂ ಬಿಡದೆ ಕೋಣೆ ತುಂಬಿತು.

ಅಕ್ಕನ ಕೈ ವೈರ್‌ಗಾಗಿ ಮೇಜಿನ ಮೇಲೆಲ್ಲ ತಡಕಾಡಿತು. ವೈರ್ ಅವಳ ಕಣ್ಣೆದುರಿಗೇ ಬಿದ್ದಿತ್ತು.

ತಮ್ಮ ಅದನ್ನೆತ್ತಿ ಅವಳ ಕೈಗೆ ಕೊಟ್ಟ. ಅಲ್ಲೇ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

"ತೆರೆ ಓದಿ ಹೇಳೋ ಪ್ರೋಗ್ರಾಂ," ಅಂದಳು ಅಕ್ಕ. "ನಿನ್ನ ಗೆರೆ ಒಂದೊಂದು ಸಲ ಹೊರಳಿದಾಗಲೂ ಓದುತ್ತೆ. ತಪ್ಪು ಎಲ್ಲಿದೆ ಅನ್ನೋದು ಆ ಗದ್ದಲದಲ್ಲಿ ಮುಳುಗಿಹೋಗುತ್ತೆ."

"ಕಣ್ಣು ಡಾಕ್ಟರಿಗೆ ತೋರಿಸಿದ್ಯಾ? ಏನಂದ್ರು?"

"ನೋಟ ನಡುವಿನಿಂದ ಮಂಜಾಗ್ತಾ ಹೋಗುತ್ತೆ, ವಾಪಸ್ ಬರಲ್ಲ ಅಂದ್ರು. ಕೆಲಸ ಬಿಡಬೇಕಾ ಅಂದೆ. ಎಂಥ ಕೆಲಸ ಅಂದ್ರು. ಬರೀ ಅಕ್ಷರದ್ದು, ಚಿತ್ರಗಿತ್ರ ಏನಿಲ್ಲ ಅಂದೆ. ಹಾಗಾದ್ರೆ ಕಿವಿಯಿಂದ ಮಾಡಿ ಅಂದ್ರು. ಆಗುತ್ತೆ ಕಣೋ, ಮಾಡಿ ನೋಡಿದ್ದೀನಿ. ಈ ಗೆರೆ ಒಂದು ಬಾಯಿ ಮುಚ್ಚಬೇಕು."

"ನಂಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಅಕ್ಕನಿಗೆ ಅಂತ ಮಾಡ್ತಿದ್ದೆ. ಟೂಲ್‌ಗೆ ಬೇಕು ಅಂತ ಮಾಡ್ಬೇಕು ಅಂದ್ಕೊಂಡೆ."

ಮೀಸೆ ಕೈಯಲ್ಲಿದ್ದ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಇಂಥವರು ಇನ್ನೂ ಇದ್ದಿರಬೇಕು. ಒಂದು ದಿನ ಬಳಸಿ, ಕೈಲಾಗಲ್ಲ ಅಂತ ಬಿಟ್ಟು ಹೋಗಿರ್ತಾರೆ. ಹೋದವರು ನಂಗೆ ಪತ್ರ ಬರೀತಾರಾ?" ಅಂದು ಚೀಟಿಯನ್ನು ಗೋಡೆಯ ಮೇಲೆ ಎಲ್ಲಕ್ಕಿಂತ ಎತ್ತರದಲ್ಲಿ ಅಂಟಿಸಿದ.

ತಮ್ಮ ಎದ್ದ. ತನ್ನ ಜಾಗಕ್ಕೆ ಹೋಗಿ ಕೂತ. ಗೆರೆಯನ್ನು ಅಳಿಸುವಾಗ ಅವನ ಬೆರಳು ಒಂದು ಗಳಿಗೆ ತಡೆಯಿತು, ಆಮೇಲೆ ತಡೆಯಲಿಲ್ಲ. ಗೆರೆಯಿದ್ದ ಜಾಗದಲ್ಲಿ ಚೀಟಿ ಕೇಳಿದ್ದ ಮಾತುಗಳನ್ನು ಬರೆದ.

ಕೆಳಗಿನ ಅಂಗಡಿಯವನು ಬಾಗಿಲು ಎಳೆಯುವ ಹೊತ್ತಿಗೆ ಅಕ್ಕ ಮತ್ತೆ ಅದೇ ಆಜ್ಞೆ ಕೊಟ್ಟಳು. ಈ ಸಲ ವೈರ್ ಅವಳೇ ಕಿತ್ತಿಟ್ಟಿದ್ದಳು, ಮೂವರಿಗೂ ಕೇಳಲಿ ಅಂತ.

"ಫೈಲುಗಳನ್ನು ಓದುತ್ತಿದ್ದೇನೆ," ಅಂದಿತು ಯಂತ್ರದ ದನಿ. ಸ್ವಲ್ಪ ಸುಮ್ಮನಿತ್ತು. "ಅರ್ಧ ಮುಗಿದಿದೆ." ಮತ್ತೆ ಸುಮ್ಮನಿತ್ತು. "ಮುಗಿಯಿತು. ಒಂದು ತಪ್ಪಿದೆ, ಹನ್ನೆರಡನೇ ಸಾಲಿನಲ್ಲಿ."

"ಹನ್ನೆರಡು ಯಾರು ಬರೆದಿದ್ದು?" ಅಂದ ಮೀಸೆ. ಕತ್ತು ಕೆರೆದುಕೊಂಡವನು ತಮ್ಮ.

ಅಕ್ಕನ ಬೆರಳುಗಳು ಆಗಲೇ ಮುಂದಿನ ಆಜ್ಞೆಯ ಮೇಲೆ ಓಡುತ್ತಿದ್ದವು. ತಮ್ಮ ಆ ಕಡೆ ನೋಡಿ ಗಾಬರಿಯಿಂದ ಎದ್ದ.

"ಅಕ್ಕಾ, ನಿನ್ನ ತೆರೆ ಆರಿಹೋಗಿದೆ."

"ನಾನೇ ಆರಿಸಿದ್ದು," ಅಂದಳು ಅಕ್ಕ, ಟೈಪ್ ಮಾಡುವುದನ್ನು ನಿಲ್ಲಿಸದೆ. "ನೀನು ಆ ಹನ್ನೆರಡನೇ ಸಾಲು ಸರಿಮಾಡು."